ಹತ್ತನೆಯದಕ್ಕೆ ಕಟ್ಟುವ ಅಮ್ಮಂದಿರಿಗೆ ಪಾಠ ಹೇಳುವವರು ಯಾರು?: ಶಿಕ್ಷಣ ಸಚಿವರಿಗೊಂದು ಬಹಿರಂಗ ಪತ್ರ

ಮಾನ್ಯ ಶಾಲಾ ಶಿಕ್ಷಣ ಮತ್ತು ಸಾಕ್ಷರತಾ ಸಚಿವರಿಗೆ,



ಎಸ್ಸೆಸ್ಸೆಲ್ಸಿಗೆ ಖಾಸಗಿಯಾಗಿ ಕಟ್ಟುವ ದೊಡ್ಡವರ ಪರವಾಗಿ ಈ ಪತ್ರ ಬರೆಯುತ್ತಿದ್ದೇನೆ. ಏಳಕ್ಕೋ ಎಂಟಕ್ಕೋ ಶಾಲೆ ಬಿಟ್ಟು, ಮದುವೆಯಾಗಿ, ಮಕ್ಕಳನ್ನು ಹೈಸ್ಕೂಲಿಗೆ ಸೇರಿಸಿ, ಈಗ ತಾವೂ ಹತ್ತನೆಯದನ್ನು ಪಾಸು ಮಾಡಲೇಬೇಕೆಂದು ಹೊರಟ ಹೆಂಗಸರಿಗೆ ನಾನು ಸಂಜೆ ಹೊತ್ತು ಪಾಠ ಹೇಳುತ್ತೇನೆ. ಇವರ ಸಂಖ್ಯೆ ಸಣ್ಣದೆಂದು ದಯವಿಟ್ಟು ತಿಳಿಯಬೇಡಿ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ, ನಮ್ಮ ರಾಜ್ಯದಲ್ಲಿ 15ರಿಂದ 49 ವರ್ಷದ ಹೆಂಗಸರಲ್ಲಿ ಸುಮಾರು ಅರ್ಧದಷ್ಟು ಮಂದಿ ಹತ್ತು ವರ್ಷದ ಶಾಲೆಯನ್ನು ಕಂಡಿಲ್ಲ.

ಇವರು ಪುಸ್ತಕ ಹಿಡಿಯುವುದಕ್ಕೆ ಕಾರಣ ಸರ್ಕಾರದ ನಿಯಮಗಳಲ್ಲೇ ಇದೆ. ಅಂಗನವಾಡಿ ಸಹಾಯಕಿಯಾಗಲು ಈಗ ಎಸ್ಸೆಸ್ಸೆಲ್ಸಿ ಬೇಕು, ಕಾರ್ಯಕರ್ತೆಯಾಗಲು ಪಿಯುಸಿ ಬೇಕು. ಸರ್ಕಾರಿ ಬಸ್ಸಿನ ಚಾಲಕನಿಗೂ ಹತ್ತನೆಯ ತರಗತಿ ಬೇಕು. ಅರ್ಹತೆ ಏರಿಸಿದ್ದು ತಪ್ಪೆಂದು ನಾನು ಹೇಳುವುದಿಲ್ಲ. ಆದರೆ ಏರಿಸಿದವರು ಆ ಅರ್ಹತೆ ಪಡೆಯುವ ದಾರಿಯನ್ನೂ ತೋರಿಸಬೇಕಿತ್ತು.

ಅಕ್ಷರ ಕಲಿಸುವವರೆಗೆ ಸರ್ಕಾರ ಜೊತೆಗಿರುತ್ತದೆ. ಲೋಕ ಶಿಕ್ಷಣ ನಿರ್ದೇಶನಾಲಯವಿದೆ, ‘ಬಾಳಿಗೆ ಬೆಳಕು’ ಪುಸ್ತಕವಿದೆ, ಕೇಂದ್ರದ ಉಲ್ಲಾಸ್ ಯೋಜನೆಯಡಿ ಓದು, ಬರಹ, ಲೆಕ್ಕಕ್ಕೆ ತಲಾ 50ರಂತೆ 150 ಅಂಕಗಳ ಪರೀಕ್ಷೆಯಿದೆ. ಅದರಲ್ಲಿ ಗೆದ್ದವರಿಗೆ ನವಸಾಕ್ಷರರೆಂಬ ಪ್ರಮಾಣಪತ್ರ ಸಿಗುತ್ತದೆ. ಆಮೇಲೆ? ಅದೇ ಉಲ್ಲಾಸ್‌ನ ಕಾಗದದಲ್ಲಿ ಪ್ರಾಥಮಿಕದಿಂದ ಪ್ರೌಢಶಾಲೆಯವರೆಗಿನ ಸಮಾನ ಶಿಕ್ಷಣವೂ ಒಂದು ಅಂಗ. ನನ್ನ ಹತ್ತಿರ ಬರುವ ಒಬ್ಬ ಹೆಣ್ಣುಮಗಳೂ ಅಂಥದ್ದೊಂದು ತರಗತಿಯನ್ನು ತನ್ನೂರಿನಲ್ಲಿ ನೋಡಿಲ್ಲ.

ಪರೀಕ್ಷೆಯ ಬಾಗಿಲನ್ನು ನೀವು ಅಗಲ ಮಾಡಿದ್ದೀರಿ, ಅದಕ್ಕೆ ಕೃತಜ್ಞಳು. 2024ರಿಂದ ವರ್ಷಕ್ಕೆ ಮೂರು ಪರೀಕ್ಷೆ ಬಂದವು. 2025ರಲ್ಲಿ ಪಾಸಾಗುವ ಮಿತಿಯನ್ನು ಶೇ 35ರಿಂದ 33ಕ್ಕೆ ಇಳಿಸುವ ಘೋಷಣೆ ಬಂತು. ಆದರೆ ಪಾಠವೇ ಕೇಳದವಳಿಗೆ ಶೇ ಎರಡರ ರಿಯಾಯಿತಿಯಿಂದ ಏನಾದೀತು? ಶಾಲೆಗೆ ಹೋಗುವ ಹುಡುಗನಿಗೆ ಆಂತರಿಕ ಮೌಲ್ಯಮಾಪನದ 20 ಅಂಕ ಇರುತ್ತದೆ, ಅವನು ಬರೆಯಬೇಕಾದದ್ದು 80ಕ್ಕೆ. ಖಾಸಗಿಯಾಗಿ ಕಟ್ಟಿದ ಅವನ ತಾಯಿ ಪೂರ್ತಿ 100ಕ್ಕೂ ಬರೆದೇ ಗಳಿಸಬೇಕು. ಮೇಷ್ಟ್ರಿಲ್ಲ, ತರಗತಿಯಿಲ್ಲ, ಕೈಗೆ ಪೆನ್ನಿನ ರೂಢಿ ತಪ್ಪಿಹೋಗಿದೆ. ಪರೀಕ್ಷೆ ಮಾತ್ರ ಅವಳಿಗೇ ಹೆಚ್ಚು ಕಠಿಣ.

ಇವರಿಗೆ ಬುದ್ಧಿ ಕಡಿಮೆ ಎನ್ನುವ ಮಾತನ್ನು ನಾನು ಒಪ್ಪುವುದಿಲ್ಲ. ‘ಮಿಸ್, ಲೆಕ್ಕ ನಮ್ಮ ತಲೆಗೆ ಹತ್ತಲ್ಲ’ ಎಂದು ಮೊದಲ ದಿನವೇ ಹೇಳುವವರು ಸ್ತ್ರೀಶಕ್ತಿ ಸಂಘದ ಸಾಲಕ್ಕೆ ಬಡ್ಡಿಯನ್ನು ಬಾಯಲ್ಲೇ ಹೇಳುತ್ತಾರೆ. ಸಮಾಂತರ ಶ್ರೇಢಿಯ ಪಾಠ ಬಂದಾಗ ನಾನು ಸೂತ್ರದಿಂದ ಶುರು ಮಾಡುವುದಿಲ್ಲ. ಮೊದಲ ತಿಂಗಳು ನೂರು ರೂಪಾಯಿ, ಆಮೇಲೆ ತಿಂಗಳಿಗೆ ಐವತ್ತು ಹೆಚ್ಚಿಸುತ್ತ ಕಟ್ಟಿದರೆ ವರ್ಷದ ಕೊನೆಗೆ ಎಷ್ಟಾಗುತ್ತದೆ ಎಂದು ಕೇಳುತ್ತೇನೆ. ಕೂಡಿಸಿ ಉತ್ತರ ಹೇಳಿದ ಮೇಲೆ ಅದೇ ಲೆಕ್ಕವನ್ನು ಎ, ಡಿ, ಎನ್ ಹಾಕಿ ಬರೆಸಿದರೆ ಸೂತ್ರ ಸಲೀಸಾಗಿ ಕೈಗೆ ಬರುತ್ತದೆ. ಕಷ್ಟವಿರುವುದು ಬೇರೆ ಕಡೆ. ಗೊತ್ತಿರುವುದನ್ನು ಕ್ರಮವಾಗಿ ಹಾಳೆಗೆ ಇಳಿಸುವುದು, ಮೂರು ತಾಸು ಕೂತು ಬರೆಯುವುದು, ತ್ರಿಕೋನಮಿತಿಯಂಥ ಹೊಸ ವಿಷಯವನ್ನು ಎಂಟು ಒಂಬತ್ತನೆಯ ತರಗತಿಯ ಬುನಾದಿಯೇ ಇಲ್ಲದೆ ಕಲಿಯುವುದು. ಸರ್ಕಾರ ಕೊಡುವ ಪಠ್ಯಪುಸ್ತಕ ಇಡೀ ವರ್ಷ ತರಗತಿಯಲ್ಲಿ ಕೂರುವ ಮಗುವಿಗಾಗಿ ಬರೆದದ್ದು. ಮನೆಗೆಲಸ ಮುಗಿಸಿ ರಾತ್ರಿ ಒಂದು ಗಂಟೆ ಓದುವವಳಿಗಾಗಿ ಬರೆದ ಪುಸ್ತಕ ಇಲ್ಲ. ಹಾಗಾಗಿ ಅವರು ಯಾರೋ ಜೆರಾಕ್ಸ್ ಮಾಡಿ ಹಂಚಿದ ಪಾಸಿಂಗ್ ಪ್ಯಾಕೇಜನ್ನು ಬಾಯಿಪಾಠ ಮಾಡುತ್ತಾರೆ.

ಇನ್ನು ಕೆಲವರು ಟ್ಯುಟೋರಿಯಲ್‌ಗಳ ಬಲೆಗೆ ಬೀಳುತ್ತಾರೆ. ಪರೀಕ್ಷೆಗೇ ಕೂರದೆ ಪಾಸು ಮಾಡಿಸುತ್ತೇವೆ ಎಂಬ ಮಾತಿಗೆ ಮರುಳಾಗಿ, ಕಿವಿಯೋಲೆ ಅಡವಿಟ್ಟು ಹಣ ಕೊಟ್ಟು, ಮಾನ್ಯತೆಯೇ ಇಲ್ಲದ ಬೋರ್ಡಿನ ಅಂಕಪಟ್ಟಿ ತಂದು ನನ್ನ ಮುಂದೆ ಇಟ್ಟ ಹೆಣ್ಣುಮಗಳಿಗೆ ಏನು ಹೇಳಬೇಕೆಂದು ನನಗೆ ತಿಳಿಯಲಿಲ್ಲ. ರಾಷ್ಟ್ರೀಯ ಮುಕ್ತ ಶಾಲಾ ಸಂಸ್ಥೆ 1989ರಿಂದ ಇದೆ, ಅಲ್ಲಿ ಐದು ವರ್ಷದಲ್ಲಿ ಒಂಬತ್ತು ಸಲ ಪರೀಕ್ಷೆ ಬರೆಯಬಹುದು, ವಿಷಯಗಳನ್ನು ಆರಿಸಿಕೊಳ್ಳಬಹುದು ಎಂದು ಅವಳಿಗೆ ಯಾರೂ ಹೇಳಿರಲಿಲ್ಲ.

ಪಕ್ಕದ ಕೇರಳವನ್ನು ನೋಡಿ. ಅಲ್ಲಿನ ಸಾಕ್ಷರತಾ ಮಿಷನ್ ನಾಲ್ಕು, ಏಳು, ಹತ್ತು, ಹೈಯರ್ ಸೆಕೆಂಡರಿ ಎಂದು ಮೆಟ್ಟಿಲು ಮೆಟ್ಟಿಲಾಗಿ ಸಮಾನತಾ ಶಿಕ್ಷಣ ನಡೆಸುತ್ತದೆ. ಏಳು ಪಾಸಾದ, 17 ತುಂಬಿದ ಯಾರಾದರೂ ಹತ್ತಕ್ಕೆ ಸೇರಬಹುದು. ರಜಾದಿನಗಳಲ್ಲಿ ಶಾಲೆಯ ಕೋಣೆಗಳಲ್ಲೇ ತರಗತಿ ನಡೆಯುತ್ತದೆ. ಕಾಸರಗೋಡಿನವರಿಗೆ ಹತ್ತರ ಪರೀಕ್ಷೆಯನ್ನು ಕನ್ನಡದಲ್ಲೇ ಬರೆಯುವ ಅವಕಾಶವಿದೆ. ಗಡಿಯಾಚೆ ಕನ್ನಡದಲ್ಲಿ ಸಾಧ್ಯವಾದದ್ದು ಕರ್ನಾಟಕದೊಳಗೆ ಏಕೆ ಆಗಬಾರದು?

ಹೊಸ ಕಟ್ಟಡ ಕೇಳುತ್ತಿಲ್ಲ. ಸರ್ಕಾರಿ ಹೈಸ್ಕೂಲುಗಳು ಸಂಜೆ, ಭಾನುವಾರ ಖಾಲಿ ಇರುತ್ತವೆ. ಗ್ರಾಮ ಪಂಚಾಯಿತಿಗಳ ಅರಿವು ಕೇಂದ್ರಗಳಲ್ಲಿ ಪುಸ್ತಕವಿದೆ, ಕಂಪ್ಯೂಟರಿದೆ. ನಿವೃತ್ತ ಶಿಕ್ಷಕರಿಗೆ ಗೌರವಧನ ಕೊಟ್ಟು ಅಲ್ಲಿ ಪಾಠ ಶುರು ಮಾಡಿಸಿ. ಹಾಗೆ ಕಲಿತವರ ಹಾಜರಿಗೂ ಮಾಡಿದ ಕೆಲಸಕ್ಕೂ ಶಾಲಾ ಮಕ್ಕಳಂತೆ 20 ಅಂಕ ಸಿಗಲಿ. ದೊಡ್ಡವರಿಗೆಂದೇ ಆರು ವಿಷಯಕ್ಕೂ ತೆಳುವಾದ ಪುಸ್ತಕ ಬರೆಸಿ, ಮಂಗಳೂರಿನ ಬೀಡಿ ಕಟ್ಟುವವಳಿಗೂ ಪೀಣ್ಯದ ಗಾರ್ಮೆಂಟ್ಸಿನವಳಿಗೂ ಅರ್ಥವಾಗುವ ಉದಾಹರಣೆಗಳಿರಲಿ. ಖಾಸಗಿ ಅಭ್ಯರ್ಥಿಗಳ ಅರ್ಜಿಯ ಕೊನೆಯ ದಿನಾಂಕ ಪ್ರತಿ ಪಂಚಾಯಿತಿಯ ಗೋಡೆಯ ಮೇಲೆ ಬರಲಿ. ಅದು ಗೊತ್ತಾಗದೆ ಒಂದು ವರ್ಷ ಕಳೆದುಕೊಂಡವರು ಬಹಳ.

ಉಲ್ಲಾಸ್ ಯೋಜನೆಯ ಅವಧಿ 2026-27ರ ಆರ್ಥಿಕ ವರ್ಷಕ್ಕೆ ಮುಗಿಯುತ್ತದೆ. ಅಷ್ಟರೊಳಗೆ ತಾಲ್ಲೂಕಿಗೆ ಒಂದರಂತೆಯಾದರೂ ಹತ್ತನೆಯ ತರಗತಿಯ ಸಂಜೆ ಕೇಂದ್ರ ತೆರೆಯುವ ಆದೇಶ ಹೊರಡಿಸಿ ಎಂದು ಕೇಳಿಕೊಳ್ಳುತ್ತೇನೆ. ನನ್ನ ಊರಿನ ಕೇಂದ್ರದಲ್ಲಿ ಸಂಬಳವಿಲ್ಲದೆ ಗಣಿತ ಹೇಳಿಕೊಡಲು ನಾನು ಸಿದ್ಧಳಿದ್ದೇನೆ.

ಇತಿ,
ವಿಶ್ವಾಸಪೂರ್ವಕವಾಗಿ,
ಸಂಜೆ ತರಗತಿಯ ಒಬ್ಬ ಶಿಕ್ಷಕಿ