ಚಿನ್ನಕ್ಕೆ ಮುದ್ರೆ ಇದೆ, ಎಣ್ಣೆಗೆ?

ನಾವು ಚಿನ್ನದ ಊರಿನವರು. ಕೆಜಿಎಫ್ ಗಣಿಗೆ 2001ರ ಫೆಬ್ರವರಿ 28ರಂದು ಬೀಗ ಬಿತ್ತು, ಆದರೆ ಚಿನ್ನ ಪರೀಕ್ಷಿಸುವ ಚಟ ಹೋಗಿಲ್ಲ. ಒಂದು ಗ್ರಾಂ ಉಂಗುರ ಕೊಳ್ಳುವಾಗಲೂ ಹಾಲ್‌ಮಾರ್ಕ್ ಇದೆಯಾ ಅಂತ ತಿರುಗಿಸಿ ನೋಡುತ್ತೇವೆ. ದಿನಾ ಹೊಟ್ಟೆಗೆ ಹೋಗುವ ಎಣ್ಣೆಯನ್ನು ಮಾತ್ರ ಚಿತ್ರ ನೋಡಿ ಚೀಲಕ್ಕೆ ಹಾಕಿಕೊಳ್ಳುತ್ತೇವೆ.

"ಲೇಬಲ್ ಓದಿ ಕೊಳ್ಳಿ, ಓದದಿದ್ದರೆ ತಪ್ಪು ನಿಮ್ಮದೇ" ಅನ್ನುವವರಿದ್ದಾರೆ. ಸರಿ, ಓದೋಣ ಅಂತ ಬಂಗಾರಪೇಟೆಯ ಅಂಗಡಿಯೊಂದರಲ್ಲಿ ಒಂದು ಪ್ಯಾಕೆಟ್ ತಿರುಗಿಸಿದೆವು. ಮುಂದೆ ದಪ್ಪ ಕಡಲೆಕಾಯಿ, ಪಕ್ಕದಲ್ಲಿ ಕೆಂಪು ಹೃದಯ. ಹಿಂದೆ ಸಾಸಿವೆಯಷ್ಟು ಅಕ್ಷರದಲ್ಲಿ, ಇಂಗ್ಲಿಷಿನಲ್ಲಿ: ಮಿಶ್ರ ಎಣ್ಣೆ, ಪಾಮೋಲಿನ್ 80, ಕಡಲೆಕಾಯಿ ಎಣ್ಣೆ 20. ಬೆರೆಸುವುದು ಅಪರಾಧವಲ್ಲ. ಬೆರೆಸಿದ ಯಾವ ಎಣ್ಣೆಯೂ ನೂರಕ್ಕೆ 20ಕ್ಕಿಂತ ಕಡಿಮೆ ಇರಬಾರದು, ಪ್ರಮಾಣ ಬರೆಯಬೇಕು ಅನ್ನುತ್ತದೆ ನಿಯಮ. ಬರೆದಿದ್ದಾರೆ. ಆದರೆ ಯಾರಿಗಾಗಿ?

ಲೇಬಲ್ ವಿವರ ಇಂಗ್ಲಿಷಿನಲ್ಲೋ ದೇವನಾಗರಿ ಹಿಂದಿಯಲ್ಲೋ ಇರಲೇಬೇಕು ಅನ್ನುತ್ತದೆ ಆಹಾರ ಸುರಕ್ಷತಾ ಪ್ರಾಧಿಕಾರದ ನಿಯಮ. ಕನ್ನಡ ಬೇಕಾದರೆ ಹಾಕಬಹುದು, ಕಡ್ಡಾಯವಿಲ್ಲ. ಬಸ್ ಬೋರ್ಡನ್ನು ಕನ್ನಡದಲ್ಲಿ ಓದುವ ತಾಯಿ ತಾನು ತಿನ್ನುವುದನ್ನು ಇಂಗ್ಲಿಷಿನಲ್ಲಿ ಓದಬೇಕಂತೆ!

"ಕೊಲೆಸ್ಟ್ರಾಲ್ ಇಲ್ಲ" ಅನ್ನುವುದೂ ಹಾಗೇ. ಕಡಲೆಕಾಯಿ, ಸೂರ್ಯಕಾಂತಿ, ಹುಚ್ಚೆಳ್ಳು, ಪಾಮೋಲಿನ್, ಯಾವ ಗಿಡದ ಎಣ್ಣೆಯಲ್ಲೂ ಹೇಳಿಕೊಳ್ಳುವಷ್ಟು ಕೊಲೆಸ್ಟ್ರಾಲ್ ಇರುವುದಿಲ್ಲ. ಇಲ್ಲದ್ದನ್ನು ಇಲ್ಲ ಅಂತ ಹೇಳಿ ಕಾಸು ಮಾಡುವುದು ಎಂಥ ಆರೋಗ್ಯ ಸೇವೆ?

ಗಾಣದ ಎಣ್ಣೆ ಅಂದ ಕೂಡಲೇ ಕಣ್ಣು ಮುಚ್ಚಿ ನಂಬುವವರಿಗೂ ಒಂದು ಮಾತು. ಒಂದು ಲೀಟರ್ ಕಡಲೆಕಾಯಿ ಎಣ್ಣೆಗೆ ಗಾಣದಲ್ಲಿ ಸುಮಾರು ಎರಡೂವರೆ ಕೆಜಿ ಬೀಜ ಬೇಕು. ಸಂತೆಯಲ್ಲಿ ಬೀಜದ ಬೆಲೆ ಕೇಳಿ, ಎರಡೂವರೆಯಿಂದ ಗುಣಿಸಿ. ಹಿಂಡಿ ಮಾರಿದ ಹಣ ಕಳೆದು ಕೂಲಿ, ಕರೆಂಟು, ಬಾಟಲಿ ಸೇರಿಸಿ. ಅದಕ್ಕಿಂತ ತೀರಾ ಅಗ್ಗಕ್ಕೆ ಸಿಕ್ಕರೆ, ಬಾಟಲಿ ಮೇಲೆ ಎತ್ತಿನ ಚಿತ್ರ ಇದ್ದರೂ ಒಳಗೆ ಇರುವುದು ಬೇರೇನೋ.

ಇಷ್ಟೆಲ್ಲ ಪ್ಯಾಕೆಟ್ ಕೊಳ್ಳುವವರ ಗೋಳು. ಬೆಳಗಿನ ಜಾವದ ರೈಲಿಗೆ ಬೆಂಗಳೂರಿಗೆ ದುಡಿಯಲು ಹೋಗಿ, ರಾತ್ರಿ ಮಾರಿಕುಪ್ಪಂ ಗಾಡಿಯಲ್ಲಿ ಇಳಿದು ಇಪ್ಪತ್ತು ರೂಪಾಯಿ ಎಣ್ಣೆ ಕೇಳುವವರಿಗೆ ಲೇಬಲ್ಲೇ ಇಲ್ಲ. ಡಬ್ಬದಿಂದ ಸೀಸೆಗೆ ಅಳೆದು ಸುರಿಯುತ್ತಾರೆ. 1998ರಲ್ಲಿ ದೆಹಲಿಯಲ್ಲಿ ದತ್ತೂರಿಗಿಡದ ಬೀಜದ ಎಣ್ಣೆ ಬೆರೆತ ಸಾಸಿವೆ ಎಣ್ಣೆ ತಿಂದು 60ಕ್ಕೂ ಹೆಚ್ಚು ಜನ ಸತ್ತರು. ಆಮೇಲೆ ಅದೇ ವರ್ಷ ಪ್ಯಾಕ್ ಮಾಡದ ಎಣ್ಣೆ ಮಾರಬಾರದು ಅಂತ ಕೇಂದ್ರ ಆದೇಶ ಹೊರಡಿಸಿತು. ರಾಜ್ಯ ಸರ್ಕಾರ ವಿನಾಯಿತಿ ಕೊಡದ ಹೊರತು ಬಿಡಿ ಮಾರಾಟ ಇವತ್ತಿಗೂ ನಿಷಿದ್ಧ. ಆದರೂ ಡಬ್ಬ ಅಲ್ಲೇ ಇದೆ.

ಕೊಂಡವರೇ ಶುಲ್ಕ ಕಟ್ಟಿ ಪರೀಕ್ಷೆ ಮಾಡಿಸಬಹುದು, ಕಲಬೆರಕೆ ಸಾಬೀತಾದರೆ ಶುಲ್ಕ ವಾಪಸ್ ಅನ್ನುತ್ತದೆ 2006ರ ಕಾಯ್ದೆ. ಇಪ್ಪತ್ತು ರೂಪಾಯಿ ಎಣ್ಣೆ ಕೊಂಡವಳು ಒಂದು ದಿನದ ಕೂಲಿ ಬಿಟ್ಟು ಪ್ರಯೋಗಾಲಯಕ್ಕೆ ಅಲೆಯಬೇಕೇ?

ಬಿಡಿ ಅಂಗಡಿಯವರನ್ನು ಹಿಡಿದು ದಂಡ ಹಾಕಿ ಅಂತ ನಾವು ಹೇಳುತ್ತಿಲ್ಲ. ಡಬ್ಬ ಕಿತ್ತುಕೊಂಡರೆ ಬಡವರ ಒಲೆ ಆರುತ್ತದೆ. ಅಳತೆ ಸಣ್ಣದಾದರೂ ಸೀಲ್ ಇರುವ ಪ್ಯಾಕೆಟ್ ನ್ಯಾಯಬೆಲೆ ಅಂಗಡಿಯಲ್ಲಿ ಸಿಗಲಿ. ಯಾವ ಎಣ್ಣೆ ಎಷ್ಟು ಅನ್ನುವುದು ಪ್ಯಾಕೆಟ್ಟಿನ ಮುಂಭಾಗದಲ್ಲಿ, ಕನ್ನಡದಲ್ಲಿ, ಬ್ರಾಂಡ್ ಹೆಸರಿನಷ್ಟೇ ದಪ್ಪಗೆ ಇರಲಿ. ಅಧಿಕಾರಿಗಳು ನಮ್ಮ ಸಂತೆಗಳಿಂದ ತಾವೇ ಮಾದರಿ ಎತ್ತಿ, ಫಲಿತಾಂಶವನ್ನು ನಗರಸಭೆ, ಪುರಸಭೆ ಬೋರ್ಡಿಗೆ ಅಂಟಿಸಲಿ.

ಉಂಗುರದ ಮುದ್ರೆಗೆ ಕಾನೂನು ಮಾಡಿದ ಸರ್ಕಾರಕ್ಕೆ ಒಗ್ಗರಣೆ ಎಣ್ಣೆಯ ಮೇಲೆ ನಾಲ್ಕು ಸಾಲು ಕನ್ನಡ ಭಾರವಾಗಬಾರದು.