ಮಕ್ಕಳ ಆಟವೂ ಹೃದಯದ ಆರೋಗ್ಯವೂ

ಆಡುವ ಮಗು ಓದಿನಲ್ಲಿ ಹಿಂದೆ ಬೀಳುತ್ತದೆಂಬ ನಂಬಿಕೆ ನಮ್ಮ ಬಿಜೂರಿನ ಕಡೆ ಇನ್ನೂ ಬಲವಾಗಿದೆ. ನಮ್ಮ ಮನೆಯಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವರಲ್ಲಿ ನಾನೇ ಮೊದಲಿಗ. ಆದುದರಿಂದ ಈ ನಂಬಿಕೆಯ ಹಿಂದಿರುವ ಆಸೆಯನ್ನು ಬಲ್ಲೆ. ಆದರೂ ಅದನ್ನು ಒಪ್ಪಲಾರೆ.

ನಮ್ಮ ಹಿರಿಯರಿಗೆ ವ್ಯಾಯಾಮವೆಂಬುದು ಬೇರೆ ಬೇಕಿರಲಿಲ್ಲ. ನೇಜಿ ನೆಡುವುದು, ಸೊಪ್ಪು ಹೊರುವುದು, ಮೈಲುಗಟ್ಟಲೆ ನಡೆಯುವುದು ಇವೇ ಮೈಯನ್ನು ಗಟ್ಟಿಮಾಡುತ್ತಿದ್ದುವು. ವಿದ್ಯೆ ನಮ್ಮನ್ನು ಆ ದುಡಿಮೆಯಿಂದ ಬಿಡಿಸಿತು, ಒಳ್ಳೆಯದೇ ಆಯಿತು. ಆದರೆ ಬೆಳಿಗ್ಗೆ ಶಾಲೆಯ ವ್ಯಾನು, ಹಗಲೆಲ್ಲ ಬೆಂಚು, ಸಂಜೆ ಟ್ಯೂಷನ್, ರಾತ್ರಿ ಮೊಬೈಲು ಎಂದು ದಿನ ಕಳೆಯುವ ಮಗುವಿಗೆ ಉಳಿದಿರುವುದು ಆಟವೊಂದೇ. ಅದನ್ನೂ ಕಿತ್ತುಕೊಂಡರೆ ಗತಿಯೇನು?

ಹೃದಯವೂ ಒಂದು ಸ್ನಾಯು. ದಿನವೂ ಓಡಿ ಆಡಿ ಬಲಿತ ಹೃದಯವು ಒಂದೊಂದು ಬಡಿತಕ್ಕೂ ಹೆಚ್ಚು ರಕ್ತವನ್ನು ನೂಕಬಲ್ಲುದು. ಆದುದರಿಂದ ವಿಶ್ರಾಂತಿಯಲ್ಲಿ ಅದರ ಬಡಿತ ನಿಧಾನ. ರಕ್ತನಾಳಗಳು ಬಿರುಸಾಗದಂತೆಯೂ ರಕ್ತದ ಒತ್ತಡ ಏರದಂತೆಯೂ ಬೊಜ್ಜು ಬೆಳೆಯದಂತೆಯೂ ಆಟ ನೆರವಾಗುತ್ತದೆ.

ಹೃದ್ರೋಗ ಮುದುಕರ ಪಾಡಲ್ಲವೇ ಎಂದು ಕೇಳುವವರುಂಟು. ಕೊರಿಯಾ ಯುದ್ಧದಲ್ಲಿ ಮಡಿದ ಅಮೆರಿಕದ 300 ಸೈನಿಕರ ಹೃದಯಗಳನ್ನು ಪರೀಕ್ಷಿಸಿದ ವೈದ್ಯರು 1953ರಲ್ಲಿ ತಮ್ಮ ವರದಿಯನ್ನು ಪ್ರಕಟಿಸಿದರು. ಸೈನಿಕರ ಸರಾಸರಿ ವಯಸ್ಸು ಸುಮಾರು 22. ಆದರೂ ನೂರಕ್ಕೆ 77 ಮಂದಿಯ ಹೃದಯದ ರಕ್ತನಾಳಗಳಲ್ಲಿ ರೋಗದ ಗುರುತು ಆಗಲೇ ಇತ್ತು. ಅವರು ನಮ್ಮ ಓರಗೆಯವರೇ ಅಲ್ಲವೇ? ರೋಗದ ಬೀಜ ಎಳವೆಯಲ್ಲಿಯೇ ಬೀಳುವುದಾದರೆ ಎಚ್ಚರಿಕೆಯೂ ಎಳವೆಯಲ್ಲಿಯೇ ಮೊದಲಾಗಬೇಕು.

5ರಿಂದ 17 ವರ್ಷದವರಿಗೆ ದಿನಕ್ಕೆ ಸರಾಸರಿ 60 ನಿಮಿಷ ಮೈ ಬೆವರುವ ಚಟುವಟಿಕೆ ಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ 2020ರಲ್ಲಿ ಹೇಳಿದೆ. ಇದಕ್ಕೆ ಹಣ ಬೇಡ. ಲಗೋರಿ, ಕಬಡ್ಡಿ, ಚಿನ್ನಿದಾಂಡುಗಳಿಗೆ ಕೊಯ್ಲು ಮುಗಿದ ಗದ್ದೆ ಸಾಕು. ಮಳೆಗಾಲದಲ್ಲಿ ಹಗ್ಗ ಹಾರಲು ಜಗಲಿ ಸಾಕು. ಆಡುವಾಗ ಎದೆನೋವು ಬರುವ ಅಥವಾ ಎಚ್ಚರದಪ್ಪಿ ಬೀಳುವ ಮಗುವನ್ನು ಮಾತ್ರ ಮೊದಲು ವೈದ್ಯರಿಗೆ ತೋರಿಸತಕ್ಕದ್ದು.

ಶಾಲೆಗೊಂದು ಆಟದ ಬಯಲಿರಬೇಕೆಂದು 2009ರ ಶಿಕ್ಷಣ ಹಕ್ಕು ಕಾಯಿದೆ ವಿಧಿಸಿದೆ. ಆದರೆ ಬಯಲಿದ್ದರೆ ಸಾಲದು. ಪರೀಕ್ಷೆ ಬಂತೆಂದು ಆಟದ ಪಿರಿಯಡ್ಡನ್ನು ಗಣಿತಕ್ಕೆ ಕೊಡುವುದೂ ದೊಡ್ಡವಳಾದಳೆಂದು ಹುಡುಗಿಯನ್ನು ಬಯಲಿನಿಂದ ಒಳಗೆ ಕರೆಯುವುದೂ ನಿಲ್ಲಬೇಕು.

ಮಿತ್ರರೇ, ನಮ್ಮಲ್ಲಿ ಹಲವರು ನಾಳೆ ಅಧ್ಯಾಪಕರಾಗುವವರು. ಮನೆಯಲ್ಲಿಯೂ ಓದಿದವರೆಂದು ನಮ್ಮ ಮಾತಿಗೆ ಈಗಾಗಲೇ ಬೆಲೆಯಿದೆ. ತಮ್ಮ ತಂಗಿಯರ ಸಂಜೆಯ ಒಂದು ಗಂಟೆಯನ್ನು ಆಟಕ್ಕೆ ಬಿಡಿಸಿಕೊಡಲು ಆ ಬೆಲೆಯನ್ನು ಬಳಸೋಣ.