ಚೋಕ್ ಅಂದ್ರೇನು ಅಂತ ಕೇಳಿದೋರನ್ನ ನೋಡಿ ನಗಬೇಡಿ

ಹಳೇ ಜೀಪು, ಅಂಬಾಸಿಡರ್ ಇಟ್ಟುಕೊಂಡಿರೋ ಗೆಳೆಯರೇ, ಒಂದು ಮಾತು. ಸಂತೇಲಿ ನನ್ನ ಪೆಟ್ರೋಲ್ ಜೀಪು ನೋಡಿ ಒಬ್ಬ ಹುಡುಗ, "ಅಣ್ಣಾ, ಈ ಎಳೆಯೋ ಗುಂಡಿ ಯಾಕೆ?" ಅಂದ. "ಚೋಕೂ ಗೊತ್ತಿಲ್ವೇನೋ?" ಅಂತ ಎಲ್ಲರೆದುರು ನಕ್ಕುಬಿಟ್ಟೆ. ಮುಖ ಸಣ್ಣ ಮಾಡ್ಕೊಂಡು ಹೋದ.

ತಪ್ಪು ನಂದೇ. ಅಂಬಾಸಿಡರ್ ತಯಾರಿಕೆಯೇ 2014ಕ್ಕೆ ನಿಂತಿತು. ಈಗಿನ ಕಾರುಗಳಲ್ಲಿ ಕಾರ್ಬೊರೇಟರೇ ಇಲ್ಲ. ಅವನು ಎಲ್ಲಿ ನೋಡಿರ್ತಾನೆ? ಚಳೀಲಿ ಚೋಕ್ ಎಳೆದ್ರೆ ಗಾಳಿ ಕಮ್ಮಿಯಾಗಿ, ಪೆಟ್ರೋಲ್ ಜಾಸ್ತಿ ಸೇರಿ ಎಂಜಿನ್ ಸ್ಟಾರ್ಟ್ ಆಗುತ್ತೆ. ಬಿಸಿಯಾದ ಮೇಲೆ ಒಳಗೆ ತಳ್ಳಬೇಕು. ಇಷ್ಟು ಹೇಳೋಕೆ ಅರ್ಧ ನಿಮಿಷ ಸಾಕಿತ್ತು.

"ಗುಜರಿಗೆ ಹಾಕಿ" ಅನ್ನೋರ ಮೇಲೆ ಸಿಟ್ಟಾಗಿ, ಕೇಳೋರ ಮೇಲಲ್ಲ. ಕಾರ್ಬೊರೇಟರ್ ಬಿಚ್ಚಿ ಕೂರಿಸೋ ಮೆಕ್ಯಾನಿಕ್‌ಗಳಿಗೆ ವಯಸ್ಸಾಯ್ತು. ಕಲಿಯೋ ಹುಡುಗರನ್ನೂ ಓಡಿಸಿದ್ರೆ, ನಮ್ಮ ಗಾಡೀನ ನಾವೇ ಗುಜರಿಗೆ ಹಾಕಿದ ಹಾಗೆ.